ಶಕ್ತಿ ಎರಡು, ಸರದಿ ಒಂದು

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಕಟ್ಟೆಗಳ ಮೇಲೆ ಇದ್ದಿಲಿನಿಂದ ಗೆರೆ ಎಳೆದು ಹುಲಿ-ಕುರಿ ಆಡುವುದನ್ನು ಕಂಡವರಿಗೆ ಈ ಆಟದ ವಿಚಿತ್ರ ಗೊತ್ತು. ಇಲ್ಲಿ ಎರಡು ಪಕ್ಷಗಳು ಸಮಾನವಲ್ಲ. ಸಾಮಾನ್ಯ ಲೆಕ್ಕ ಹುಲಿ 3, ಕುರಿ 15. ಊರಿಂದೂರಿಗೆ ಬದಲಾಗುವುದೂ ಉಂಟು. ಹುಲಿ ನಡೆಯಲೂ ಬಲ್ಲದು, ಹಾರಿ ಕೊಲ್ಲಲೂ ಬಲ್ಲದು. ಕುರಿಗೆ ಕೊಲ್ಲುವ ಶಕ್ತಿಯೇ ಇಲ್ಲ, ಎಲ್ಲ ಕುರಿಗಳನ್ನೂ ಇಟ್ಟು ಮುಗಿಯುವ ತನಕ ಅಲುಗಾಡುವಂತೆಯೂ ಇಲ್ಲ. ಆದರೂ ಪಳಗಿದ ಕೈಗೆ ಕುರಿ ಕೊಟ್ಟರೆ ಹುಲಿಗಳು ಕಟ್ಟಿಹಾಕಿಸಿಕೊಂಡು ಕೂರುತ್ತವೆ.

ಇದೇ ಬಗೆಯ ನೇಪಾಳದ 'ಬಾಘ್ ಚಾಲ್' ಆಟದಲ್ಲಿ 4 ಹುಲಿ, 20 ಕುರಿ. ಲಿಮ್ ಯೂ ಜಿನ್ ಮತ್ತು ಯುರ್ಗ್ ನೀವರ್ಗೆಲ್ಟ್ ಅದನ್ನು ಕಂಪ್ಯೂಟರಿನಿಂದ ಜಾಲಾಡಿಸಿದರು. ಕುರಿಗಳನ್ನು ಇಟ್ಟಾದ ಮೇಲಿನ ಸ್ಥಿತಿಗಳೇ 8 ಕೋಟಿ 82 ಲಕ್ಷ! 2009ರಲ್ಲಿ ಪ್ರಕಟವಾದ ಅವರ ತೀರ್ಮಾನ: ಇಬ್ಬರೂ ತಪ್ಪಿಲ್ಲದೆ ಆಡಿದರೆ ಗೆಲುವು ಯಾರಿಗೂ ಇಲ್ಲ. ಹೆಸರು ತಿಳಿಯದವರು ತೂಗಿಟ್ಟ ತಕ್ಕಡಿ ಅಷ್ಟು ಸರಿಯಾಗಿದೆ.

ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಟಕ್ಕೆ ಈ ತಕ್ಕಡಿ ಇನ್ನೂ ಕಷ್ಟದ್ದು. ನಾಲ್ಕೈದು ಜನ ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ ಕಥೆ ನಡೆಸುತ್ತಾರೆ; ದಾಳ ಫಲ ಹೇಳುತ್ತದೆ. ಗ್ರಂಥ ಓದಿ ಕಲಿತ ಮಾಂತ್ರಿಕನ ವಿದ್ಯೆ ಬೇರೆ, ದೈವದಿಂದ ಪಡೆದ ಪೂಜಾರಿಯ ವಿದ್ಯೆ ಬೇರೆ. ಎರಡನ್ನೂ ಒಬ್ಬನೇ ಬಲ್ಲನಾದರೆ? ಎಲ್ಲರೂ ಒಂದೇ ತಂಡದವರಾದ್ದರಿಂದ ಇಲ್ಲಿ ಯಾರೂ ಸೋಲುವುದಿಲ್ಲ, ಪಕ್ಕದ ಗೆಳೆಯ ಆಕಳಿಸುತ್ತ ಕೂರುತ್ತಾನೆ. ಆಟ ಸಾಯುವುದು ಹೀಗೆ.

2003ರ ಪರಿಷ್ಕೃತ ನಿಯಮದಲ್ಲಿ ಇಂಥವನಿಗೆ 'ಮಿಸ್ಟಿಕ್ ಥಿಯರ್ಜ್' ಎಂದು ಹೆಸರು. ಸಾಮಾನ್ಯವಾಗಿ ಎರಡು ವಿದ್ಯೆಗಳಲ್ಲೂ ಮೂರು ಮೂರು ಹಂತ ಏರಿದ ಮೇಲೆಯೇ ಆ ದಾರಿ ತೆರೆಯುವುದು. ಆಮೇಲೆ ಒಂದು ಹಂತಕ್ಕೆ ಎರಡೂ ಏರುತ್ತವೆ. ಬರೀ ಮಾಂತ್ರಿಕನಿಗೆ 5ನೇ ಹಂತದಲ್ಲಿ ಸಿಗುವ ಅಗ್ನಿಗೋಳ ಇವನಿಗೆ 8ರಲ್ಲಿ. ಮಂತ್ರದ ಸಂಚಿ ಎರಡಿದ್ದರೂ ಒಂದು ಸರದಿಗೆ ಸಾಮಾನ್ಯವಾಗಿ ಒಂದೇ ಮಂತ್ರ. ಕಾದಾಟ ನಾಲ್ಕೈದು ಸರದಿಗೆ ಮುಗಿದರೆ ಎರಡನೆಯ ಸಂಚಿ ಇದ್ದೇನು ಫಲ?

ತೊಗರಿಯ ಸಾಲುಗಳ ನಡುವೆ ಹೆಸರು ಬಿತ್ತುವ ರೈತನಿಗೆ ಇದು ಒಗಟಲ್ಲ. ಹೊಲ ಒಂದೇ, ತೇವವೂ ಅಷ್ಟೇ. ತೊಗರಿ ಮೊದಮೊದಲು ಮೆಲ್ಲಗೆ ಬೆಳೆಯುತ್ತದೆ. ಅದು ಹರಡಿಕೊಳ್ಳುವ ಹೊತ್ತಿಗೆ ಹೆಸರು ಕೊಯ್ಲಾಗಿ ಜಾಗ ಬಿಟ್ಟಿರುತ್ತದೆ. ಒಂದೇ ಹೊತ್ತಿಗೆ ನೀರು ಕೇಳುವ ಬೆಳೆಗಳನ್ನು ಜೋಡಿಸಿದರೆ ಎರಡೂ ಸೊರಗುತ್ತವೆ.

ಆದರೆ 2003ರ ಲೆಕ್ಕ ಅರ್ಧ ಮಾತ್ರ ಸರಿ. 16ನೇ ಹಂತಕ್ಕೆ ಬಂದಾಗ ಇವನು ಎರಡರಲ್ಲೂ 13. ಆಗ ಇವನನ್ನು ಹಿಡಿಯುವುದು ಕಷ್ಟ. 4ರಿಂದ 7ರವರೆಗೆ ಮಾತ್ರ ಇವನಷ್ಟು ಬಡವ ಬೇರೊಬ್ಬನಿಲ್ಲ. ಸರಾಸರಿ ತೆಗೆದರೆ ಸರಿಹೋಗುತ್ತದೆ, ನಿಜ. ಹುಲಿ-ಕುರಿಯಲ್ಲೂ ಮೊದಲು ಹುಲಿ ಮೇಲು, ಕುರಿ ತುಂಬಿದಂತೆ ಕುರಿ ಮೇಲು. ಆದರೆ ಅದು ಒಂದೇ ಕೂತದಲ್ಲಿ ಮುಗಿಯುವ ಆಟ. ಇದು ತಿಂಗಳುಗಟ್ಟಲೆ ನಡೆಯುವುದು. ಅಷ್ಟು ದಿನ ಮೂಲೆಯಲ್ಲಿ ಕುಳಿತವನಿಗೆ ಮುಂದೆಂದೋ ಬರುವ ಬಲದ ಭರವಸೆ ಯಾವ ಸಮಾಧಾನ?

2014ರ ನಿಯಮ ಬೇರೆ ಜಾಣತನ ತೋರಿತು. ಎರಡು ಸಂಚಿಗಳನ್ನು ಕೂಡಿಸಿ ಒಂದೇ ಮಾಡಿತು. 3 ಮತ್ತು 3 ಕಲಿತವನ ಸಂಚಿಯಲ್ಲಿ 6ನೇ ಹಂತದವನಷ್ಟೇ ಬಲ. ಕಲಿತ ಮಂತ್ರ ಮಾತ್ರ 3ನೇ ಹಂತದವು. ಅಗ್ನಿಗೋಳ ಇನ್ನೂ ಇಲ್ಲ. ಇದ್ದ ಸಣ್ಣ ಮಂತ್ರಗಳಲ್ಲಿ ಕೆಲವನ್ನು ಹೆಚ್ಚು ಬಲ ಕೊಟ್ಟು ಬಿಡಬಹುದು, ಆ ದಿನದ ಸರದಿಯಲ್ಲೇ.