ಕಿನ್ನಾಳದ ಗೊಂಬೆಗೆ ಕಡಲಾಚೆಯ ಪರೀಕ್ಷೆ

ಕೊಪ್ಪಳ ಸೀಮೆಯ ಕಿನ್ನಾಳದ ಚಿತ್ರಗಾರರು ಹಗುರವಾದ ಮರವನ್ನು ಕೆತ್ತಿ, ಹುಣಿಸೆಬೀಜದ ಅಂಟನ್ನು ಹಚ್ಚಿ, ಬಣ್ಣವಿಟ್ಟು ಮಾಡುವ ಗೊಂಬೆಗಳನ್ನು ಅರಿಯದ ಕನ್ನಡಿಗರು ವಿರಳ. ಅವು ಹೊರನಾಡುಗಳಿಗೂ ಹೋಗಬೇಕೆಂಬುದು ನಮ್ಮೆಲ್ಲರ ಹಂಬಲ. ಆದರೆ ಹಂಬಲದಿಂದಲೇ ಬಂದರದ ಬಾಗಿಲು ತೆರೆಯದು.

ಅಮೆರಿಕೆಯ 2008ರ ಶಾಸನದ ಮೇರೆಗೆ ಮಕ್ಕಳ ಆಟಿಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಕೂಡದು. ಸ್ವತಂತ್ರ ಪ್ರಯೋಗಾಲಯದ ಪರೀಕ್ಷೆಯೂ ಆಗಬೇಕು. ಯುರೋಪಿನ ಒಕ್ಕೂಟದಲ್ಲಿ 'ಸಿಇ' ಗುರುತಿಲ್ಲದ ಆಟಿಕೆಯನ್ನು ಮಾರುವಂತಿಲ್ಲ. ನಮ್ಮ ದೇಶದಲ್ಲಿಯೂ 2021ರ ಜನವರಿಯಿಂದ ಐಎಸ್‌ಐ ಮುದ್ರೆ ಕಡ್ಡಾಯವಾಗಿರುವುದಷ್ಟೆ. ನೋಂದಾಯಿತ ಕುಶಲಕರ್ಮಿಗಳಿಗೆ ಇಲ್ಲಿ ವಿನಾಯಿತಿಯುಂಟು. ಅದು ಕಡಲಾಚೆ ಸಲ್ಲದು.

ಈ ನಿಯಮಗಳನ್ನು ನಾವು ದೂಷಿಸುವುದಿಲ್ಲ. ಗೊಂಬೆಯನ್ನು ಬಾಯಿಗಿಡುವ ಕೂಸು ಯಾವ ದೇಶದ್ದಾದರೇನು? ನಮ್ಮ ಆಕ್ಷೇಪವು ವೆಚ್ಚದ ವಿಷಯದಲ್ಲಿ. ಒಂದೇ ಅಚ್ಚಿನಲ್ಲಿ ಲಕ್ಷ ಗೊಂಬೆ ತೆಗೆಯುವ ಕಾರ್ಖಾನೆಗೆ ಪರೀಕ್ಷೆಯ ಶುಲ್ಕ ಹಗುರ. ಬಗೆಗೆ ಹತ್ತರಂತೆ ಮಾಡುವ ಬಡ ಮನೆಗೆ ಅದೇ ಬೆಟ್ಟ.

ಭಾನಾಪುರದಲ್ಲಿ 400 ಎಕರೆಯ ಆಟಿಕೆ ಸಮುಚ್ಚಯಕ್ಕೆ 2021ರಲ್ಲಿ ಅಡಿಗಲ್ಲಿಟ್ಟ ಸರ್ಕಾರದವರು, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಕೈಕಸುಬಿನವರಿಗೆ ಪರೀಕ್ಷೆಯ ವೆಚ್ಚವನ್ನೂ ಸೀಸವಿಲ್ಲದ ಬಣ್ಣವನ್ನೂ ಒದಗಿಸತಕ್ಕದ್ದು. ಕುಶಲಕರ್ಮಿಗಳೂ ಪರೀಕ್ಷೆಗೆ ಅಂಜದೆ ಮುಂದೆ ಬರಬೇಕೆಂದು ನಮ್ಮ ಬಿನ್ನಹ.