ಮಗ ಕೂತ ಕುರ್ಚಿ ಯಾವ ದೇಶದ್ದು?

ಈಚೆಗೆ ಒಂದು ಭಾನುವಾರ ಬೆಳಿಗ್ಗೆ ರಾಯಬಾಗ ಕಡೆಯ ಹಳ್ಳಿಯಿಂದ ಪಾಲಕರೊಬ್ಬರು ಚಿಕ್ಕೋಡಿಯ ನಮ್ಮ ಮನೆಗೆ ಬಂದರು. ಅವರ ಮಗ ನನ್ನ ಹಳೆಯ ವಿದ್ಯಾರ್ಥಿ. 2024ರ ಆಗಸ್ಟ್ 10ರಂದು ಎಂ.ಎಸ್. ಓದಲು ಅಮೆರಿಕಕ್ಕೆ ಹೋದವನು. ಚಹಾ ಮುಟ್ಟುವ ಮೊದಲೇ ಅವರು ವಿಷಯಕ್ಕೆ ಬಂದರು.

"ಸರ, ಹುಡುಗ ಅಲ್ಲಿ ಕುಂತು ಸಾಂಗಲಿಯ ಒಂದು ಕಂಪನಿಗೆ ಕಂಪ್ಯೂಟರ್ ಕೆಲಸಾ ಮಾಡಿ ಕೊಟ್ಟಾನ್ರಿ. ರೊಕ್ಕ ಇಲ್ಲೇ ಅವನ ಖಾತೇಕ ಬಂದೈತ್ರಿ. ಟ್ಯಾಕ್ಸ್ ಅಲ್ಲೆ ಕಟ್ಟಬೇಕೋ, ಇಲ್ಲೆ ಕಟ್ಟಬೇಕೋ?"

ಈ ಪ್ರಶ್ನೆ ನಮ್ಮ ಭಾಗಕ್ಕೆ ಹೊಸದು. ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಕಬ್ಬು, ನಿಪ್ಪಾಣಿ ಸುತ್ತ ತಂಬಾಕು. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲದ್ದರಿಂದ ಎಷ್ಟೋ ಮನೆಗಳಲ್ಲಿ ಮೂರು ತಲೆಮಾರಿನಿಂದ ಯಾರೂ ರಿಟರ್ನ್ ತುಂಬಿಲ್ಲ. ಮನೆಯ ಮೊದಲ ರಿಟರ್ನ್ ತುಂಬುವ ಪಾಳಿ ಪರದೇಶದಲ್ಲಿ ಓದುವ ಹುಡುಗನಿಗೆ ಬಂದಿರುತ್ತದೆ. ಕೇಳಲು ಮನೆಯಲ್ಲಿ ತಿಳಿದವರಿರುವುದಿಲ್ಲ.

ಇಲ್ಲಿ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಕೆಲಸ ಹಿಡಿಯುವ ಮುಂಚೆ ಹುಡುಗ ನನಗೆ ಫೋನ್ ಮಾಡಿದ್ದ. "ಗಿರಾಕಿ ಇಲ್ಲಿಯವರು, ಖಾತೆ ಇಲ್ಲಿಯದು, ಅಲ್ಲಿನವರಿಗೇನು ಸಂಬಂಧ? ಮಾಡು" ಎಂದಿದ್ದೆ. ವಿಜ್ಞಾನ ಕಲಿಸುವವನು ನೋಡದೆ ಉತ್ತರ ಹೇಳಬಾರದಿತ್ತು.

ತೆರಿಗೆಯ ಕಣ್ಣಿನಲ್ಲಿ ದುಡಿಮೆ ಹುಟ್ಟುವುದು ದುಡಿದವನು ಕೂತ ಜಾಗದಲ್ಲಿ. ಕಾಗವಾಡದ ಕಬ್ಬು ಗಡಿ ದಾಟಿ ಮಹಾರಾಷ್ಟ್ರದ ಕಾರ್ಖಾನೆಗೆ ಹೋದರೂ ಬೆಳೆ ದಾಖಲಾಗುವುದು ಕಾಗವಾಡದ ಹೊಲದ ಉತಾರದಲ್ಲೇ ಅಲ್ಲವೇ? ಹಾಗೆಯೇ ಅಮೆರಿಕದಲ್ಲಿ ಕೂತು ಮಾಡಿದ ಕೆಲಸದ ಗಳಿಕೆ, ಹಣ ಸಾಂಗಲಿಯಿಂದ ಬಂದರೂ, ಅಮೆರಿಕದ ಗಳಿಕೆ.

ಆದರೆ ತೆರಿಗೆ ಎರಡನೆಯ ಪ್ರಶ್ನೆ. ಈ ಕೆಲಸ ಮಾಡಲು ಅನುಮತಿ ಇತ್ತೇ ಎಂಬುದು ಮೊದಲನೆಯದು. ವಿದ್ಯಾರ್ಥಿಯ ಎಫ್-1 ವೀಸಾದ ಮೇಲೆ, ತರಗತಿಗಳು ನಡೆಯುವಾಗ, ವಿಶ್ವವಿದ್ಯಾಲಯದ ಆವರಣದೊಳಗೆ ವಾರಕ್ಕೆ 20 ತಾಸಿನವರೆಗೆ ದುಡಿಯಬಹುದು. ಹೊರಗಿನ ಕೆಲಸಕ್ಕೆ ಮೊದಲೇ ಅನುಮತಿ ಬೇಕು. ಪದವಿ ಮುಗಿದ ಮೇಲೆ ಸಿಗುವ 12 ತಿಂಗಳ ಓಪಿಟಿ ಅವಧಿಯಲ್ಲಿ ಓದಿದ ವಿಷಯಕ್ಕೆ ಹೊಂದುವ ಫ್ರೀಲಾನ್ಸ್ ಕೆಲಸಕ್ಕೆ ಅವಕಾಶವಿದೆ. ವಿಜ್ಞಾನ, ತಂತ್ರಜ್ಞಾನದವರಿಗೆ ಅದರ ಮೇಲೆ ಸಿಗುವ 24 ತಿಂಗಳ ವಿಸ್ತರಣೆಯಲ್ಲಿ ಒಡೆಯನೊಬ್ಬ ಇರಲೇಬೇಕು, ಫ್ರೀಲಾನ್ಸ್ ನಡೆಯದು. ನಮ್ಮ ಹುಡುಗ ಓದುತ್ತಿರುವಾಗಲೇ, ಅನುಮತಿ ಇಲ್ಲದೆ ಕೆಲಸ ಮಾಡಿದ್ದ. ತೆರಿಗೆ ಕಟ್ಟಿದರೆ ಆ ದೋಷ ತೊಳೆದು ಹೋಗುವುದಿಲ್ಲ. ದೋಷವಿದೆಯೆಂದು ಗಳಿಕೆಯನ್ನು ಮುಚ್ಚಿಟ್ಟರೆ ಒಂದು ತಪ್ಪಿನ ಮೇಲೆ ಇನ್ನೊಂದು.

ಅಂದೇ ಫೋನ್ ಹಚ್ಚಿ, "ಕೆಲಸ ಇವತ್ತೇ ನಿಲ್ಲಿಸು. ವಲಸೆ ಕಾಯಿದೆ ತಿಳಿದ ವಕೀಲರನ್ನು ಕಾಣು. ತೆರಿಗೆಯ ಲೆಕ್ಕವನ್ನು ಮಾತ್ರ ಇದ್ದದ್ದು ಇದ್ದಂತೆ ಬರೆ" ಎಂದೆ. ತಂದೆ ಮಾತಾಡಲಿಲ್ಲ. ಹೊಲದ ಮೇಲೆ ಸಾಲ ತೆಗೆದು ಕಳಿಸಿದವರು ಅವರು.

ಇನ್ನು ಲೆಕ್ಕ. ಎಫ್-1 ವಿದ್ಯಾರ್ಥಿ ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ತೆರಿಗೆಯ ಮಟ್ಟಿಗೆ ಅಮೆರಿಕದ ಅನಿವಾಸಿ. ಡಿಸೆಂಬರ್ 31ಕ್ಕೆ ಇಳಿದರೂ ಅದು ಒಂದು ವರ್ಷವೇ. ಈ ಐದು ವರ್ಷ, ಒಂದು ಡಾಲರೂ ಗಳಿಸದಿದ್ದರೂ, 8843 ಎಂಬ ನಮೂನೆ ಕಳಿಸಬೇಕು. ಗಳಿಕೆ ಇದ್ದರೆ ಜೊತೆಗೆ 1040-ಎನ್‌ಆರ್. ಸಂಬಳವೂ ಇದ್ದರೆ ಏಪ್ರಿಲ್ 15 ಕೊನೆಯ ದಿನ. ಸಂಬಳವಿಲ್ಲದೆ ಫ್ರೀಲಾನ್ಸ್ ಗಳಿಕೆ ಮಾತ್ರ ಇದ್ದರೆ ಜೂನ್ 15.

ನಮ್ಮ ಮಕ್ಕಳಿಗೆ ಇಲ್ಲೊಂದು ಅನುಕೂಲವಿದೆ. 1989ರಲ್ಲಿ ಭಾರತ ಮತ್ತು ಅಮೆರಿಕ ಮಾಡಿಕೊಂಡ ತೆರಿಗೆ ಒಪ್ಪಂದದ 21ನೆಯ ವಿಧಿಯಿಂದಾಗಿ ಭಾರತೀಯ ವಿದ್ಯಾರ್ಥಿಗೆ ಅಮೆರಿಕದವರಂತೆಯೇ 'ಸ್ಟ್ಯಾಂಡರ್ಡ್ ಡಿಡಕ್ಷನ್' ಸಿಗುತ್ತದೆ. ಬೇರೆ ದೇಶಗಳ ಅನಿವಾಸಿಗಳಿಗೆ ಸಾಮಾನ್ಯವಾಗಿ ಇದಿಲ್ಲ. 2025ನೇ ಇಸವಿಗೆ ಒಂಟಿ ವ್ಯಕ್ತಿಗೆ ಇದು 15,750 ಡಾಲರ್. ನಮ್ಮ ಹುಡುಗನಿಗೆ ಆ ವರ್ಷ ಗ್ರಂಥಾಲಯದ ಕೆಲಸದಿಂದ 8,000, ಸಾಂಗಲಿಯ ಕೆಲಸದಿಂದ 3,000, ಒಟ್ಟು 11,000. ಅಲ್ಲಿಯ ಕೇಂದ್ರ ತೆರಿಗೆ ಸೊನ್ನೆ. ಸಂಬಳದಲ್ಲಿ ಮುರಿದುಕೊಂಡ ಕೇಂದ್ರ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರೆ ಮರಳಿ ಬರುತ್ತದೆ.

ಇದೇ ಹುಡುಗ ಗೆಳೆಯರ ಮಾತು ಕೇಳಿ ಅಲ್ಲಿಯ ನಿವಾಸಿಗಳ 1040 ನಮೂನೆ ತುಂಬಿದ್ದರೆ? ಸ್ವಂತ ದುಡಿಮೆಯ ತೆರಿಗೆ ಎಂದು ನೂರಕ್ಕೆ 15.3ರ ಲೆಕ್ಕ ಹತ್ತಿ, ಕೊಡಬೇಕಿಲ್ಲದ ಸುಮಾರು 424 ಡಾಲರ್ ಕೊಡಬೇಕಾಗುತ್ತಿತ್ತು. ಅನಿವಾಸಿಗೆ ಆ ತೆರಿಗೆ ಇಲ್ಲ. ಆದರೆ ರಾಜ್ಯದ ತೆರಿಗೆ ಬೇರೆ: ಟೆಕ್ಸಾಸ್‌ನಲ್ಲಿ ವ್ಯಕ್ತಿಯ ಆದಾಯದ ಮೇಲೆ ಅದಿಲ್ಲ, ಕ್ಯಾಲಿಫೋರ್ನಿಯಾದಲ್ಲಿ ಇದೆ.

"ಹಂಗಾರ ಇಲ್ಲಿದ್ದು ಮುಗೀತೇನ್ರಿ?" ಎಂದರು ತಂದೆ. ಮುಗಿದಿರಲಿಲ್ಲ. ಭಾರತದ ಲೆಕ್ಕದಲ್ಲಿ ಮೊದಲ ವರ್ಷವೇ ತೊಡಕಿನದು. 2024ರ ಏಪ್ರಿಲ್ 1ರಿಂದ ಆಗಸ್ಟ್ 10ರವರೆಗೆ ಹುಡುಗ ಊರಲ್ಲಿದ್ದದ್ದು 132 ದಿನ. ಆರ್ಥಿಕ ವರ್ಷದಲ್ಲಿ 60 ದಿನ, ಹಿಂದಿನ ನಾಲ್ಕು ವರ್ಷಗಳಲ್ಲಿ 365 ದಿನ ಇಲ್ಲಿದ್ದವನು ನಿವಾಸಿ. ಉದ್ಯೋಗಕ್ಕೆಂದು ದೇಶ ಬಿಟ್ಟವರಿಗೆ 60ರ ಬದಲು 182 ದಿನದ ರಿಯಾಯಿತಿ ಇದೆ. ಓದಲು ಹೋದವರಿಗೂ ಅದು ಸಿಕ್ಕೇ ಸಿಗುತ್ತದೆಂದು ನಂಬಿ ಕೂಡಬೇಡಿ. ನಿವಾಸಿಯಾದರೆ ಜಗತ್ತಿನ ಎಲ್ಲ ಗಳಿಕೆಯನ್ನೂ ಇಲ್ಲಿ ತೋರಿಸಬೇಕು. ಅಲ್ಲಿ ತೆರೆದ ಬ್ಯಾಂಕ್ ಖಾತೆಯೂ ಪರದೇಶದ ಆಸ್ತಿಯೇ. ಅದಿದ್ದರೆ ಆದಾಯ ಮಿತಿಯೊಳಗಿದ್ದರೂ ರಿಟರ್ನ್ ಕಡ್ಡಾಯ. 2015ರ ಕಪ್ಪುಹಣ ಕಾಯಿದೆಯಲ್ಲಿ ತೋರಿಸದಿದ್ದರೆ 10 ಲಕ್ಷ ರೂಪಾಯಿ ದಂಡವಿತ್ತು. 2024ರ ಅಕ್ಟೋಬರ್ 1ರಿಂದ, ಮನೆ, ಜಮೀನು ಬಿಟ್ಟು ಒಟ್ಟು 20 ಲಕ್ಷದೊಳಗಿನ ಆಸ್ತಿಗೆ ಆ ದಂಡ ಹಾಕುವುದಿಲ್ಲ. ದಂಡ ತಪ್ಪಿತೆಂದ ಮಾತ್ರಕ್ಕೆ ತೋರಿಸುವ ಕರ್ತವ್ಯ ತಪ್ಪಲಿಲ್ಲ.

ಎರಡನೆಯ ವರ್ಷ ಊರಿಗೆ 60 ದಿನಕ್ಕಿಂತ ಕಡಿಮೆ ಬಂದಿದ್ದರೆ ಅವನು ಇಲ್ಲಿ ಅನಿವಾಸಿ. ಆಗಲೂ ಇಲ್ಲಿಯ ಖಾತೆಗೆ ನೇರವಾಗಿ ಬಂದ ಹಣ ಇಲ್ಲಿಯ ಲೆಕ್ಕಕ್ಕೆ ಬರುತ್ತದೆ. 2025-26ರ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆ ಇಲ್ಲ. ಎರಡೂ ಕಡೆ ತೆರಿಗೆ ಬೀಳುವಂತಿದ್ದರೆ ಅದೇ ಒಪ್ಪಂದ ನೆರವಿಗೆ ಬರುತ್ತದೆ. ಬಿಟ್ಟುಹೋದ ಮೊದಲ ವರ್ಷದ ರಿಟರ್ನಿಗಾಗಿ ಪರದೇಶದ ಲೆಕ್ಕ ಬಲ್ಲ ಸಿಎ ಒಬ್ಬರ ಬಳಿ ತಂದೆಯನ್ನು ಕಳಿಸಿದೆ.

ಬೇರೆ ದೇಶಕ್ಕೆ ಹೋಗುವವರಿಗೂ ಒಂದು ಮಾತು. ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ದುಡಿಮೆಗೆ ಅವಕಾಶವೇ ಇಲ್ಲ. ಜರ್ಮನಿಯಲ್ಲಿ 2024ರಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ನೌಕರಿ ಮಾಡಬಹುದು, ಆದರೆ ಫ್ರೀಲಾನ್ಸ್ ಕೆಲಸಕ್ಕೆ ವಿದೇಶೀಯರ ಕಚೇರಿಯ ಪ್ರತ್ಯೇಕ ಅನುಮತಿ ಬೇಕು. ಒಬ್ಬನಿಗೆ ಸರಿಹೋದದ್ದು ಇನ್ನೊಬ್ಬನಿಗೆ ಸರಿಹೋಗುತ್ತದೆಂದಲ್ಲ.

ವಿದ್ಯಾರ್ಥಿಗಳೇ, ಪ್ರಯೋಗದ ಜರ್ನಲ್‌ನಲ್ಲಿ ಅಂದಿನ ಓದಿಕೆಯನ್ನು ಅಂದೇ ಬರೆಯಿರಿ ಎಂದು ನಾನು ತರಗತಿಯಲ್ಲಿ ಗದರಿಸುವುದುಂಟು. ಪರದೇಶಕ್ಕೆ ಹೋಗುವಾಗಲೂ ಒಂದು ವಹಿ ಒಯ್ಯಿರಿ. ವಿಮಾನ ಹತ್ತಿದ ದಿನ, ಇಳಿದ ದಿನ, ಮಾಡಿದ ಕೆಲಸ, ಅದನ್ನು ಎಲ್ಲಿ ಕೂತು ಮಾಡಿದಿರಿ, ಹಣ ಯಾವ ಖಾತೆಗೆ ಬಂತು, ಇಷ್ಟನ್ನು ಬರೆದಿಡಿ. ಕೆಲಸ ಒಪ್ಪಿಕೊಳ್ಳುವ ಮುನ್ನ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಕೇಳಿ. ಪಾಲಕರೇ, "ಎಷ್ಟು ದುಡದಿ?" ಎಂದು ಕೇಳುವ ಮೊದಲು "ಕೇಳಿ ದುಡದೀಯೇನು?" ಎಂದು ಕೇಳಿ.

ಆ ತಂದೆ ಹೊರಡುವಾಗ ಬಾಗಿಲಲ್ಲಿ ನಿಂತು, "ಮೊದಲ ನಿಮಗ ಕೇಳೇ ಮಾಡಿದ್ನಲ್ರಿ ಸರ" ಎಂದರು. ಸಿಟ್ಟಿನಿಂದ ಅಂದದ್ದಲ್ಲ. ನನ್ನ ಬಳಿ ಉತ್ತರವಿರಲಿಲ್ಲ. ವಕೀಲರ ಶುಲ್ಕದಲ್ಲಿ ಒಂದು ಪಾಲು ನನ್ನದೆಂದು ಹುಡುಗನಿಗೆ ಬರೆದಿದ್ದೇನೆ.