ಮೊದಲು ಕ್ಷಯದ ಲೆಕ್ಕ, ಆಮೇಲೆ ಮದ್ದಿನ ಆಯ್ಕೆ

ತೆಕ್ಕಲಕೋಟೆಯ ಭತ್ತದ ಗದ್ದೆಯಲ್ಲಿ ದುಡಿಯುವ ಯುವಕನೊಬ್ಬನನ್ನು ತಿಂಗಳುಗಟ್ಟಲೆ ಭೇದಿ, ಹೊಟ್ಟೆನೋವು, ಜ್ವರ ಕಾಡುತ್ತಿದೆ. ತೂಕ ಇಳಿಯುತ್ತಿದೆ ಎಂದುಕೊಳ್ಳೋಣ. ಅದು ಕರುಳಿನ ಕ್ಷಯವಿರಬಹುದು, ಕರುಳಿನ ಉರಿಯೂತದ ಕ್ರೋನ್ಸ್ ಕಾಯಿಲೆಯೂ ಇರಬಹುದು. ಕೊಲೊನೊಸ್ಕೊಪಿ ಮಾಡಿ, ಅಂಗಾಂಶದ ತುಣುಕು ಪರೀಕ್ಷಿಸಿದ ಮೇಲೂ ಇವೆರಡನ್ನು ಬೇರ್ಪಡಿಸಲು ತಜ್ಞರು ತಡವರಿಸುವುದುಂಟು. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ಇರುವ ದೇಶದಲ್ಲಿ ಇದು ಸಣ್ಣ ಗೊಂದಲವಲ್ಲ. ಕ್ಷಯವನ್ನೇ ಕ್ರೋನ್ಸ್ ಎಂದು ಭಾವಿಸಿ ರೋಗನಿರೋಧಕ ಶಕ್ತಿ ತಗ್ಗಿಸುವ ಮದ್ದು ಕೊಟ್ಟರೆ ಪ್ರಾಣಕ್ಕೇ ಸಂಚಕಾರ.

ಸ್ಟಿರಾಯ್ಡ್‌ನಂತಹ ಹಳೆಯ ಔಷಧಗಳಿಗೆ ಬಗ್ಗದ ಉರಿಯೂತಕ್ಕೆ ಇಂದು ಹಲವು ಜೈವಿಕ ಔಷಧಗಳಿವೆ. ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್‌ಗಳು ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುತ್ತವೆ. ದೇಹದಲ್ಲಿ ಅಡಗಿ ಕುಳಿತ ಕ್ಷಯದ ರೋಗಾಣುವನ್ನು ಕಟ್ಟಿಹಾಕುವಲ್ಲಿಯೂ ಅದೇ ಪ್ರೋಟೀನಿನ ಪಾತ್ರವಿದೆ. ಅದನ್ನು ತಡೆದರೆ ಸುಪ್ತ ಕ್ಷಯ ಕೆರಳೀತು. ಬಹುಮಟ್ಟಿಗೆ ಕರುಳಿನಲ್ಲಷ್ಟೇ ಕೆಲಸ ಮಾಡುವ ವೆಡೊಲಿಝುಮ್ಯಾಬ್‌ನಿಂದ ಈ ಅಪಾಯ ಕಡಿಮೆ. 2019ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಅದನ್ನು ಪಡೆದ ಅಲ್ಸರೇಟಿವ್ ಕೊಲೈಟಿಸ್ ರೋಗಿಗಳ ಪೈಕಿ ಶೇ 31.3 ಮಂದಿಗೆ ವರ್ಷದ ಕೊನೆಗೆ ಕಾಯಿಲೆ ಶಮನವಾಗಿತ್ತು. ಅಡಾಲಿಮುಮ್ಯಾಬ್ ಪಡೆದವರಲ್ಲಿ ಶೇ 22.5. ಆದರೆ ಈ ಅಂಕಿಯನ್ನು ಕ್ರೋನ್ಸ್‌ಗೆ ಅನ್ವಯಿಸಲಾಗದು. ಕ್ರೋನ್ಸ್‌ನಿಂದ ಭಗಂದರವಾದಾಗ ಗಟ್ಟಿ ಪುರಾವೆ ಇರುವುದು ಇನ್‌ಫ್ಲಿಕ್ಸಿಮ್ಯಾಬ್‌ಗೆ.

ಹೀಗೆ ವೈದ್ಯರು ಪಟ್ಟಿ ಹಿಡಿದು ಆರಿಸಬಹುದು. ರೋಗಿಯ ಊರು ಆ ಪಟ್ಟಿಯಲ್ಲಿರುವುದಿಲ್ಲ. ಅಡಾಲಿಮುಮ್ಯಾಬ್ ಚುಚ್ಚುಮದ್ದನ್ನು ಎರಡು ವಾರಕ್ಕೊಮ್ಮೆ ಮನೆಯಲ್ಲೇ ತೆಗೆದುಕೊಳ್ಳಬಹುದು, ನಿಜ. ಆದರೆ ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿ ಸೀಮೆಯಲ್ಲಿ ಕರೆಂಟು ಹೋದರೆ? ಇನ್‌ಫ್ಲಿಕ್ಸಿಮ್ಯಾಬ್ ಆದರೆ ಆರಂಭದ ಮೂರು ಡೋಸ್‌ಗಳ ನಂತರ ಎಂಟು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಳ್ಳಬೇಕು. ಅದಕ್ಕಾಗಿ ಬೆಂಗಳೂರಿಗೆ ಬರುವುದಾದರೆ ಪ್ರತಿ ಸಲವೂ 300 ಕಿ.ಮೀ.ಗೂ ಮೀರಿದ ಪಯಣ, ಕಳೆದುಹೋದ ಕೂಲಿ. ಹಣವಿಲ್ಲದೆ ನಡುವೆ ನಿಲ್ಲಿಸಿ ಮತ್ತೆ ಶುರು ಮಾಡಿದರೆ ದೇಹವು ಔಷಧದ ವಿರುದ್ಧವೇ ಪ್ರತಿಕಾಯ ಬೆಳೆಸಿ, ಮದ್ದು ನಾಟದೆ ಹೋಗಬಹುದು. ಆರು ತಿಂಗಳಿಗೆ ಕೈಬಿಡಬೇಕಾದ ಶ್ರೇಷ್ಠ ಔಷಧಕ್ಕಿಂತ ವರ್ಷಗಟ್ಟಲೆ ನಿಭಾಯಿಸಬಹುದಾದ ಅಗ್ಗದ ಔಷಧವೇ ಈ ಯುವಕನಿಗೆ ಮೇಲು. 2014ರಲ್ಲಿ ನಮ್ಮದೇ ಝೈಡಸ್ ಕಂಪನಿ ಅಡಾಲಿಮುಮ್ಯಾಬ್‌ನ ಸಮಾನ ಔಷಧ ತಂದದ್ದು ಇದೇ ಕಾರಣಕ್ಕೆ ಮುಖ್ಯ.

ಬೆಲೆ ಇಳಿದರಷ್ಟೇ ಸಾಲದು. ಸುಪ್ತ ಕ್ಷಯ ಪತ್ತೆಗೆ ಎದೆಯ ಎಕ್ಸ್‌ರೇ, ಮಾಂಟು ಅಥವಾ ಇಗ್ರಾ ಪರೀಕ್ಷೆ ಮೊದಲ ಡೋಸ್‌ಗೆ ಮುನ್ನ ಕಡ್ಡಾಯವಾಗಿ ನಡೆಯಬೇಕು. ಈ ಪರೀಕ್ಷೆಗಳೂ ಡ್ರಿಪ್‌ನ ವ್ಯವಸ್ಥೆಯೂ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೇ ಒಂದೇ ಸೂರಿನಡಿ ದೊರೆಯುವಂತೆ ನೋಡಿಕೊಳ್ಳುವುದು, ಅವುಗಳ ವೆಚ್ಚವನ್ನು ಆರೋಗ್ಯ ಕರ್ನಾಟಕ ಯೋಜನೆಯಡಿ ಭರಿಸುವುದು ಸರ್ಕಾರದ ಹೊಣೆ.